ಕದ್ದ ಆರು ಡೆಸಿಬೆಲ್

ಮೂರನೆಯ ಡ್ರಾಯರು ಅರ್ಧ ಬಂದು ಕಚ್ಚಿಕೊಂಡಿತು. ವೇಣುಗೋಪಾಲ ಒಂದು ಕಾಲನ್ನು ಮೇಜಿಗೆ ಒತ್ತುಕೊಟ್ಟು ಎಳೆದ. ಒಳಗಿನ ಸ್ಕ್ರೂ, ಫ್ಯೂಸು, ವೈರು ಎಲ್ಲ ಜಣಜಣ ಎಂದವು. ಅವನು ಉಸಿರು ಹಿಡಿದು ಮೆಟ್ಟಿಲ ಕಡೆ ಕಿವಿಗೊಟ್ಟ. ಕೆಳಗೆ ಹಾಲಿನಲ್ಲಿ ಪಿಸುಮಾತು ನಿಂತಿರಲಿಲ್ಲ. ಶರಣಬಸವನ ಶವಪೆಟ್ಟಿಗೆ ಹತ್ತೂಮುಕ್ಕಾಲಿಗೆ ಮನೆಗೆ ಬರುತ್ತದೆ, ಕೊನೆಯ ದರ್ಶನ, ಆಮೇಲೆ ಸ್ಮಶಾನದ ಚಾಪೆಲ್ಲಿನಲ್ಲಿ ಪ್ರಾರ್ಥನೆ, ಅಲ್ಲಿಂದ ಮಣ್ಣು. ವೇಣು ಬಾತ್‌ರೂಮಿಗೆ ಹೋಗಿದ್ದಾನೆಂದು ಎಲ್ಲರೂ ತಿಳಿದಿದ್ದರು. ಅರವತ್ತೆಂಟರ ಗಂಡಸು ಬಾತ್‌ರೂಮಿನಲ್ಲಿ ಎಷ್ಟು ಹೊತ್ತಿದ್ದರೂ ಯಾರೂ ಕೇಳುವುದಿಲ್ಲ. ಆ ವಯಸ್ಸಿಗೆ ಇರುವುದು ಅದೊಂದೇ ಸೌಕರ್ಯ.

ಸತ್ತ ಗೆಳೆಯನ ಹೆಣ ಬರುವ ಮುಂಚೆ ಅವನ ಡ್ರಾಯರು ಜಾಲಾಡುವುದು ಮಾನವಂತರ ಕೆಲಸವಲ್ಲ. ಆದರೆ ಅನುಮಾನಕ್ಕೆ ಸೂತಕವಿಲ್ಲ.

ಚಾಪೆಲ್ಲಿನಲ್ಲಿ ಮೂರು ನಿಮಿಷ ಮಾತಾಡಬೇಕೆಂದು ಶರಣಬಸವನ ಹೆಂಡತಿ ವೇದವತಿ ಫೋನು ಮಾಡಿದ್ದರು. ಎರಡು ವರ್ಷದಿಂದ ಮಾತುಬಿಟ್ಟವನನ್ನೇ ಯಾಕೆ? ಅದೂ ಅನುಮಾನವೇ. ವೇಣು ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ 'ಒಳ್ಳೆಯ ನೆರೆಯವ' ಇತ್ತು, 'ಆಸ್ಪತ್ರೆಯ ಯಂತ್ರಗಳನ್ನು ಮೂವತ್ತೊಂದು ವರ್ಷ ರಿಪೇರಿ ಮಾಡಿದವ' ಇತ್ತು. 'ಪ್ರಾಮಾಣಿಕ' ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ್ದ. ಎದುರಿಗೆ ಹೆಣ ಇಟ್ಟುಕೊಂಡು ಆ ಒಂದು ಶಬ್ದವನ್ನು ಬಾಯಿಬಿಟ್ಟು ಹೇಳಬಹುದೋ ಇಲ್ಲವೋ ಎನ್ನುವುದು ಈ ಮನೆಯ ಒಂದು ನೋಟ್‌ಬುಕ್ಕಿನಲ್ಲಿತ್ತು.

*

ವಿಲಾಯತಿಯ ಹ್ಯಾರೋ ಊರಿನ ಸುತ್ತಮುತ್ತಲ ಹನ್ನೊಂದು ಜನರ ರೇಡಿಯೋ ಕೂಟ ಅವರದು. ಶಾರ್ಟ್‌ವೇವಿನಿಂದ ಹಿಡಿದು ವಿಮಾನದ ಪೈಲಟ್ಟುಗಳ ಮಾತಿನವರೆಗೆ ಎಲ್ಲವನ್ನೂ ಹಿಡಿಯುವ ವೈಡ್‌ಬ್ಯಾಂಡ್ ರಿಸೀವರುಗಳ ಹುಚ್ಚು. ಯಾರ ಸೆಟ್ಟಿನ ಕಿವಿ ಎಷ್ಟು ಚುರುಕು ಎಂದು ವರ್ಷಕ್ಕೊಮ್ಮೆ ಅಳೆದು ಪಟ್ಟಿ ಮಾಡುವವನು ಶರಣಬಸವ. ಮಹಡಿಯ ಈ ಪುಟ್ಟ ಕೋಣೆಯಲ್ಲಿ ಸಿಗ್ನಲ್ ಹುಟ್ಟಿಸುವ ಯಂತ್ರ. ಅದು ಸುತ್ತಲೂ ಸೋರುತ್ತದೆಂದು ರಿಸೀವರನ್ನು ದೂರ, ಕೆಳಗೆ ಅಡುಗೆಮನೆಯಲ್ಲಿ ಇಡುತ್ತಿದ್ದ. ನಡುವೆ ಮೆಟ್ಟಿಲ ಮೇಲೆ ಉದ್ದ ಕೇಬಲ್. ಸಿಗ್ನಲನ್ನು ಒಂದೊಂದೇ ಡೆಸಿಬೆಲ್ ಇಳಿಸುತ್ತ ಹೋಗುವುದು. ಎಲ್ಲಿ ಸದ್ದು ಮಾಯವಾಗುತ್ತದೋ ಅಲ್ಲಿಯ ಅಂಕಿ ಆ ಸೆಟ್ಟಿನ ಹಣೆಬರಹ.

ಎರಡು ವರ್ಷದ ಹಿಂದೆ ವೇಣುವಿನ ಹೊಸ ಸೆಟ್ಟು ಆ ಪಟ್ಟಿಯಲ್ಲಿ ಕಟ್ಟಕಡೆಗೆ ಬಂತು. ಅದೇ ಕಂಪನಿಯ ಅದೇ ಮಾಡೆಲ್ಲಿನ ಶರಣಬಸವನ ಸೆಟ್ಟು ಎರಡನೆಯದು. ನಡುವೆ ಆರು ಡೆಸಿಬೆಲ್!

"ಇದೇನು ಡೆಸಿಬೆಲ್ಲೋ ದೇಸಿ ಬೆಲ್ಲವೋ ಶರಣ, ಬೇಕಾದಷ್ಟು ಮುರಿದು ಬಾಯಿಗೆ ಹಾಕ್ಕೊಳ್ಳಕ್ಕೆ?" ಎಂದು ವೇಣು ಎಲ್ಲರೆದುರು ಕೇಳಿದ್ದ.

"ಆಂ?" ಎಂದಿದ್ದ ಶರಣಬಸವ.

"ಕೇಳಿಸಲಿಲ್ಲವಂತೆ! ಕಳ್ಳನಿಗೆ ಯಾವತ್ತು ಕೇಳಿಸಿದೆ?"

ಶರಣಬಸವ ಸುತ್ತಲಿನವರ ಮುಖ ನೋಡಿ, ಅವರು ನಗುತ್ತಿದ್ದುದರಿಂದ ತಾನೂ ನಕ್ಕಿದ್ದ. ಎಂಥ ಭಂಡ ಎಂದುಕೊಂಡು ವೇಣು ಎದ್ದು ಹೋದವನು ಮತ್ತೆ ಈ ಹೊಸಿಲು ತುಳಿದಿದ್ದು ಇವತ್ತೇ.

*

ನೋಟ್‌ಬುಕ್ಕು ಡ್ರಾಯರಿನ ತಳದಲ್ಲಿತ್ತು. ಆ ವರ್ಷದ ಪುಟಕ್ಕೆ ಬೆರಳು ಹೋಗುವಷ್ಟರಲ್ಲಿ ಬಾಗಿಲಲ್ಲಿ ದನಿ.

"ಅದನ್ನ ನೀವು ಹುಡುಕ್ತೀರಿ ಅಂತ ಗೊತ್ತಿತ್ತು ವೇಣು ಅವರ. ಅದಕ್ಕಽ ನಿಮ್ಮನ್ನ ಮಾತಾಡ್ಲಿಕ್ಕೆ ಕರದಿದ್ದು."

ವೇದವತಿ. ಬಿಳಿ ಸೀರೆ, ಹಣೆಯಲ್ಲಿ ವಿಭೂತಿ. ವೇಣು ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಒಯ್ದ, ಎಂಟನೇ ಕ್ಲಾಸಿನ ಹುಡುಗನ ಹಾಗೆ.

"ಅತ್ತಿಗೆ, ನಾನು ಸುಮ್ನೆ…"

"ಓದ್ರಿ. ನಿಮ್ಮ ಸೆಟ್ಟಿಂದು ಎಡಗಡಿ ಪುಟ."

ಅಂಕಿಗಳು ಮೂರು ಸಾಲಾಗಿದ್ದವು. ಒಂದೇ ಸೆಟ್ಟನ್ನು ಮೂರು ಬೇರೆ ದಿನ ಅಳೆದಿದ್ದ. ಮೂರು ಸಲವೂ ಹೆಚ್ಚುಕಡಿಮೆ ಅದೇ ಕೆಟ್ಟ ಅಂಕಿ. ಕೆಳಗೆ ಶರಣಬಸವನ ಗುಂಡಗಿನ ಅಕ್ಷರ: 'ವೇಣೂನ ಸೆಟ್ಟು ಇಷ್ಟು ಕೆಟ್ಟದ್ದಲ್ಲ. ಕೇಬಲ್ ಬದಲಿಸಿದೆ. ಪ್ಲಗ್ ಬದಲಿಸಿದೆ. ಮನಸ್ಸು ಬೇರೆ ಹೇಳುತ್ತದೆ. ಆದರೆ ಬಲ್ಬು ಹೇಳಿದ್ದನ್ನೇ ಬರೆಯಬೇಕು.'

"ಬಲ್ಬು?"

ವೇದವತಿ ಯಂತ್ರದ ಪಕ್ಕದಲ್ಲಿದ್ದ ಸಣ್ಣ ಕೆಂಪು ಬಲ್ಬನ್ನು ತೋರಿಸಿದರು. "ಅವರಿಗೆ ಕಿವಿ ಹೋಗಿ ನಾಕು ವರ್ಷ ಆಗಿತ್ರಿ. ಯಾರಿಗೂ ಹೇಳಬ್ಯಾಡ ಅಂದಿದ್ರು. ಕಿವುಡ ಪಟ್ಟಿ ಮಾಡಿದ್ರ ಯಾರು ನಂಬ್ತಾರ? ಕೇಳಾವಾಕಿ ನಾನು. ಹೆಡ್‌ಫೋನ್ ಹಾಕ್ಕೊಂಡು ಅಡಗಿಮನ್ಯಾಗ ಕುಂದರತಿದ್ದೆ. ಸದ್ದು ಹೋದಕೂಡ್ಲೆ ಗುಂಡಿ ಒತ್ತೂದು, ಇಲ್ಲಿ ಬಲ್ಬ್ ಹತ್ತೂದು. ಅವರು ಬರಕೋತಿದ್ರು."

"ಹಾಗಾದ್ರೆ ನನ್ನ ಸೆಟ್ಟು…"

"ಛಲೋ ಕೇಳಸ್ತಿತ್ತು. ಇನ್ನೂ ಕೇಳಸ್ತಿದ್ದಾಗನಽ ಒತ್ತಿಬಿಟ್ಟೆ."

"ಮೂರು ಸಲ?"

"ಮೂರೂ ಸಲ."

ವೇಣುವಿಗೆ ಕೂರಬೇಕೆನ್ನಿಸಿತು, ಕೂರಲು ಇದ್ದ ಒಂದೇ ಕುರ್ಚಿ ಶರಣಬಸವನದು.

"ಆ ವರ್ಷ ಅಳತಿಗೆ ಮೊದಲು ಯುಗಾದಿ ಕಾರ್ಯಕ್ರಮದಾಗ ಸ್ಟೇಜ್ ಹತ್ತಿ ಮಿಮಿಕ್ರಿ ಮಾಡಿ ಎಲ್ಲಾರ ದನಿ ತಗದ್ರಿ," ಎಂದರು ವೇದವತಿ. "ಟ್ಯೂಬ್ ರೈಲಿನ್ಯಾಗ ಅನೌನ್ಸ್ ಮಾಡಾಕಿಂದು, ವೀಸಾ ಆಫೀಸಿನಾಂವಂದು. ಆಮ್ಯಾಲೆ ಇವರದು. ಕಿವಿಗೆ ಕೈ ಇಟ್ಟು, ಕುತ್ತಿಗಿ ಚಾಚಿ, ಆಂ? ಆಂ? ಅಂತ. ಇಡೀ ಹಾಲ್ ನಕ್ಕಿತು. ಇವರು ಮಂದಿ ನೋಡಿ ನಕ್ಕರು. ಮನಿಗೆ ಬಂದಮ್ಯಾಲೆ 'ವೇಣು ಏನಂದಾ?' ಅಂತ ಕೇಳಿದ್ರು. 'ನಿಮ್ಮನ್ನ ಭಾಳ ಹೊಗಳಿದ್ರು' ಅಂತ ಬರದು ತೋರಿಸಿದೆ."

"ನನಗೆ ಗೊತ್ತಿರಲಿಲ್ಲ ಅತ್ತಿಗೆ. ದೇವರಾಣೆ. ಪರಧ್ಯಾನದ ಮನುಷ್ಯ ಅಂದ್ಕೊಂಡಿದ್ದೆ."

"ನೀವು ಅವರನ್ನ ಕಳ್ಳ ಅಂದ್ರಲ್ಲ, ಆವತ್ತಽ ಹೇಳಬೇಕಿತ್ತು ನಾನು. ಹೇಳಿದ್ರ ಕಿವಿ ಸುದ್ದಿ ಹೊರಗ ಬರ್ತಿತ್ತು." ಅವರು ಆ ಬಲ್ಬನ್ನು ಸೆರಗಿನಿಂದ ಒರೆಸಿದರು. "ಸುಳ್ಳು ಗುಂಡಿ ಒತ್ತಿದ್ದು ಅವರಿಗೂ ಹೇಳಲಿಲ್ಲ. ಈಗ ಹೇಳಾಕ ಅವರಿಲ್ಲ."

ಕೆಳಗಿಂದ ಮಗಳು ಮಾಳವಿಕಾ ಕೂಗಿದಳು: "ಅಮ್ಮಾ! ದೇ ಆರ್ ಹಿಯರ್. ಡ್ಯಾಡ್ ಈಸ್ ಹಿಯರ್."

*

ಮೆಟ್ಟಿಲ ಬುಡದಲ್ಲಿ ಒಂದು ಒಣ ಕೈ ವೇಣುವಿನ ತೋಳು ಹಿಡಿಯಿತು. ಶರಣಬಸವನ ಅಕ್ಕ ಶಿವಕ್ಕ, ಧಾರವಾಡದಿಂದ ಬಂದು ಮೂರು ದಿನವಾಗಿತ್ತು. ಹ್ಯಾರೋದ ಚಳಿಗೆ ತಮ್ಮನದೇ ಕೋಟು ತೊಟ್ಟಿದ್ದಳು.

"ಇಲ್ನೋಡು ತಮ್ಮಾ. ನೀ ಅಂವನ ಗೆಳ್ಯಾ. ಖರೇ ಹೇಳು, ನನ್ನ ಮ್ಯಾಲೆ ಅಂವಗೇನು ಸಿಟ್ಟಿತ್ತು?"

"ಸಿಟ್ಟಾ? ಯಾಕಮ್ಮ?"

"ನಾಕು ವರ್ಷ ಆತು, ನನ್ನ ಫೋನ್ ಎತ್ತಲಿಲ್ಲ. ಬರೇ ಬರದು ಕಳಸ್ತಿದ್ದ. ನನಗ ಓದಾಕ ಬರೂದಿಲ್ಲಂತ ಅಂವಗ ಗೊತ್ತಿಲ್ಲೇನು? ಇಕಿ ಏನರ ಕಿವಿ ಊದಿರಬೇಕು."

ವೇಣು ವೇದವತಿಯ ಕಡೆ ನೋಡಿದ. ಅವರು ಕೇಳಿಸಿಕೊಂಡಿದ್ದರು. ಬಾಗಿಲಲ್ಲಿ ಪೆಟ್ಟಿಗೆ ಒಳಬರುತ್ತಿತ್ತು. ವೇದವತಿ ಅತ್ತ ನಡೆದರು.

*

ಚಾಪೆಲ್ಲಿನಲ್ಲಿ ಅವರಿಗೆ ಸಿಕ್ಕಿದ್ದು ಅರ್ಧ ಗಂಟೆ. ವಚನ ಮುಗಿದ ಮೇಲೆ ವೇಣು ಮೈಕಿನ ಮುಂದೆ ನಿಂತ. ಅವನನ್ನು ಬಲ್ಲವರ ತುಟಿಗಳು ಆಗಲೇ ಸಡಿಲವಾದವು: ಸಾವಿನ ಮನೆಯಲ್ಲೂ ಒಂದು ನಗೆಹನಿ ಸಿಡಿಸುತ್ತಾನೆ ಈ ಮೈಸೂರಿನವನು.

"ಶರಣಬಸವ ಪ್ರಾಮಾಣಿಕ," ಎಂದ ವೇಣು. "ಅದು ನನಗೆ ಇವತ್ತು ಬೆಳಗ್ಗೆ ಗೊತ್ತಾಯ್ತು. ಮೂವತ್ತು ವರ್ಷ ಒಟ್ಟಿಗಿದ್ದೆವು. ನಾನು ತಡ."

ಯಾರೋ ನಕ್ಕರು, ಜೋಕಿರಬೇಕೆಂದು. ವೇಣು ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡ. ಆಗ ಮೊದಲ ಸಾಲಿನಿಂದ ಶಿವಕ್ಕ ಎದ್ದು ನಿಂತಳು.

"ನೀ ಎಲ್ಲಾರ ದನಿ ತಗೀತೀಯಂತ. ಅಂವಂದೂ ತಗೀತಿದ್ದೆಂತ. ಒಮ್ಮಿ ತಗಿಯೋ ಯಪ್ಪಾ. ನಾ ಕೇಳ್ಬೇಕು."

ವೇಣು ಮೈಕಿನ ಕಂಬ ಹಿಡಿದುಕೊಂಡ. ಅವನು ತೆಗೆಯಬಲ್ಲ ಶರಣಬಸವ ಒಬ್ಬನೇ, ಕಿವಿಗೆ ಕೈ ಇಟ್ಟವನು. ವೇದವತಿಯನ್ನು ನೋಡುವ ಧೈರ್ಯ ಬರಲಿಲ್ಲ.

ಮಾತಾಡಿದ್ದು ಅವರೇ, ಎಲ್ಲರಿಗೂ ಕೇಳುವ ಹಾಗೆ. "ಕಿವಿ ಹೋಗೂಕಿಂತ ಮೊದಲಿಂದು ತಗೀರಿ, ವೇಣು ಅವರ."

ಹಿಂದಿನ ಸಾಲುಗಳಲ್ಲಿ ತಲೆಗಳು ಒಂದರ ಕಡೆ ಒಂದು ತಿರುಗಿದವು. ಶಿವಕ್ಕ ಬಾಯಿ ತೆರೆದು ತಮ್ಮನ ಹೆಂಡತಿಯನ್ನು ನೋಡಿದಳು. ವೇಣು ಕಣ್ಣು ಮುಚ್ಚಿ ಹಿಂದೆ ಹಿಂದೆ ಹುಡುಕಿದ. ಕೂಗದೆ ಮಾತಾಡುತ್ತಿದ್ದ ಒಬ್ಬ ಶರಣಬಸವ ಇದ್ದ. ಮೆತ್ತಗೆ, ಸ್ವಲ್ಪ ಮೂಗಿನಿಂದ, ಪ್ರತಿ ಮಾತಿನ ಕೊನೆಯನ್ನು ಎಳೆದು. ಭಾನುವಾರ ಚಹಾ ಹೀರುತ್ತ ಊರಿಗೆ ಫೋನು ಹಚ್ಚುತ್ತಿದ್ದವನು.

"ಅಕ್ಕಾ… ಉಂಡೀ ಏನು?"

"ಉಂಡ್ನೋ ಯಪ್ಪಾ," ಎಂದಳು ಶಿವಕ್ಕ ತಟ್ಟನೆ. "ನೀ ಉಂಡೀ?"

ಮತ್ತೆ, ಉತ್ತರ ಎಲ್ಲಿ ತಪ್ಪಿಹೋದೀತೋ ಎಂದು, ಕಿವಿಯ ಮೇಲಿನ ಸೆರಗನ್ನು ಸರಿಸಿ ಮುಂದಕ್ಕೆ ಬಾಗಿ ನಿಂತಳು.