ಮೂರನೇದು ಇಡಿ

ಬಿಸಿನೀರಿನ ಬೋಗುಣಿಯಲ್ಲಿ ಬಲಗೈ ಅದ್ದಿಕೊಂಡು ಪುಟ್ಟಾಚಾರ್ರು ಕೂತಿರುತ್ತಿದ್ದರು. ಅವರ ಮನೆಗೆ ಯಾವ ಹೊತ್ತಿಗೆ ಹೋದರೂ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅದೇ. ಅವರು ಮೃದಂಗ ನುಡಿಸುತ್ತಿದ್ದರು. ಉಂಗುರದ ಬೆರಳು ಮರಗಟ್ಟಲು ಶುರುವಾಗಿ ಎರಡು ವರ್ಷವಾಗಿತ್ತು. ಆಮೇಲೆ ಕಿರುಬೆರಳೂ ಅದರ ಜೊತೆ ಸೇರಿತು. ಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ನಮ್ಮದು ಮೂವರ ಗುಂಪು. ಇಗ್ನೇಷಿಯಸ್ ಚರ್ಚಿನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದವನು. ಹಳೆಯ ಜಾಜ್ ರೆಕಾರ್ಡುಗಳನ್ನು ಸವೆಯುವ ತನಕ ಕೇಳಿ ಕಲಿತಿದ್ದ. ನನ್ನದು ಗಿಟಾರ್. ಜಾಜಿಗೆ ಮೃದಂಗ ಸೇರಿಸಿ ನುಡಿಸುವವರು ಆ ಊರಿನಲ್ಲಿ ಬೇರೆ ಇರಲಿಲ್ಲ, ಕೇಳುವವರೂ ಹೆಚ್ಚಿರಲಿಲ್ಲ. ಆದರೂ ದೂರದ ಕಂಪನಿಯೊಂದು ನಮ್ಮ ಮೊದಲ ರೆಕಾರ್ಡು ತರಲು ಒಪ್ಪಿತು.

“ನಲವತ್ತು ವರ್ಷ ನುಡಿಸಿದೀನಿ, ಎಲ್ಲೂ ಉಳಿದಿಲ್ಲ,” ಎಂದರು ಪುಟ್ಟಾಚಾರ್ರು. “ಈ ಕೈ ಹೋಗೋದರೊಳಗೆ ಒಂದಾದ್ರೂ ಇರ್ಲಿ.”

“ನಿಮ್ಮ ಜೊತೆ ನನ್ನ ಊದುಕೊಳವೆಯೂ ಉಳಿಯುತ್ತಲ್ಲ ಗುರುಗಳೇ,” ಎಂದ ಇಗ್ನೇಷಿಯಸ್.

“ಅದೊಂದೇ ಕಣಯ್ಯಾ ಬೇಜಾರು.”

ರೆಕಾರ್ಡಿನ ಕೊನೆಯ ರಚನೆಯ ತುದಿಯಲ್ಲಿ ಅವರ ಮುಕ್ತಾಯವಿತ್ತು. ಒಂದೇ ಜತಿಯನ್ನು, ಅಂದರೆ ಪೆಟ್ಟುಗಳ ಒಂದೇ ಕಟ್ಟನ್ನು, ಬಿಡದೆ ಮೂರು ಸಲ ನುಡಿಸಬೇಕು. ಮೂರನೆಯದರ ಕೊನೆಯ ಪೆಟ್ಟು ತಾಳದ ಮೊದಲ ಏಟಿನ ಮೇಲೆ ಬೀಳಬೇಕು. ಅದೇ ಸಮ; ಅಲ್ಲಿಂದ ಸ್ಯಾಕ್ಸೊಫೋನ್ ಎತ್ತಿಕೊಂಡು ರಚನೆ ಮುಗಿಸುತ್ತದೆ. ಒಂದು ಸಲ ಕಡಿಮೆಯಾದರೂ ಸಮ ಸಿಗುವುದಿಲ್ಲ. ಸ್ಟುಡಿಯೋದಲ್ಲಿ ಆ ರಚನೆಯನ್ನು ಮೊದಲಿನಿಂದ ಮೂರು ಬಾರಿ ನುಡಿಸಿದೆವು. ಎರಡು ಬಾರಿ ಬೆರಳು ಕೈಕೊಟ್ಟಿತು. ನಡುವೆ ಕ್ಯಾಂಟೀನಿನಿಂದ ಬೋಗುಣಿಯಲ್ಲಿ ಬಿಸಿನೀರು ತರಿಸಿದೆವು. ಮೂರನೆಯ ಬಾರಿ ಎಲ್ಲ ಸರಿಯಾಗಿ ಬಂತು. ಅದಾದ ತಿಂಗಳಿಗೆ ಅವರು ಮೃದಂಗವನ್ನು ಚೀಲದಿಂದ ತೆಗೆಯುವುದನ್ನೇ ಬಿಟ್ಟರು.

ಟೇಪು ಕತ್ತರಿಸಿ ಜೋಡಿಸುವವನು ಕಂಪನಿಯಿಂದ ನನಗೆ ಫೋನು ಮಾಡಿದ.

“ಕೊನೇದು ಮೂರು ಸಲ ಬಂದಿದೆ. ಒಂದೇ ಸಾಕಲ್ವಾ? ಯಾವುದನ್ನ ಇಡಲಿ?”

“ಮೂರನೇದು ಇಡಿ.”

“ಮಿಕ್ಕಿದ್ದು?”

“ಬಿಸಾಕಿ. ಅದರಲ್ಲೇನಿದೆ.”

ರೆಕಾರ್ಡು ಬಂದ ದಿನ ಇಗ್ನೇಷಿಯಸ್ ತನ್ನ ಪ್ಲೇಯರನ್ನು ಪುಟ್ಟಾಚಾರ್ರ ಮನೆಗೆ ಹೊತ್ತು ತಂದ. ಅವರು ಕೈಯನ್ನು ಬೋಗುಣಿಯಲ್ಲಿಟ್ಟುಕೊಂಡೇ ಕೇಳಿದರು. ಕೊನೆಯ ರಚನೆ ಬಂತು. ಜತಿ ಒಂದು ಸಲ ಕೇಳಿಸಿತು. ಅದರ ಹಿಂದೆಯೇ ಸ್ಯಾಕ್ಸೊಫೋನ್ ಶುರುವಾಯಿತು.

ಅವರು ನೀರಿನಿಂದ ಕೈ ತೆಗೆದರು. “ಮಿಕ್ಕ ಎರಡು ಎಲ್ಲಿ?”

ಆಗ ನನಗೆ ಗೊತ್ತಾಯಿತು. ಕೆಟ್ಟುಹೋದ ಎರಡು ಬಾರಿಯ ಟೇಪನ್ನು ಫೋನು ಮಾಡಿದವನು ಮೊದಲೇ ತೆಗೆದಿಟ್ಟಿದ್ದ. ಅವನು ಕೇಳಿದ್ದು ಮುಕ್ತಾಯದಲ್ಲಿ ಮೂರು ಸಲ ಬರುವ ಜತಿಯ ಬಗ್ಗೆ.

“ಫೋನಿನಲ್ಲಿ ಕೇಳಿದ್ರು,” ಎಂದೆ. “ಮೂರನೇದು ಇಡಿ ಅಂದೆ. ಮೂರನೇ ಬಾರಿ ನುಡಿಸಿದ್ದು ಅಂದ್ಕೊಂಡಿದ್ದೆ.”

ಕ್ಷಮೆ ಕೇಳಬೇಕು ಎಂಬುದು ಗೊತ್ತಿತ್ತು. ಕೇಳಲಿಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಹಾಳೆ ಇನ್ನೂ ತಿರುವಿಲ್ಲ ಎಂಬುದನ್ನು ನೋಡುತ್ತಾ ನಿಂತಿದ್ದೆ.

“ಇನ್ನೊಂದ್ಸಲ ನುಡಿಸೋಣ ಗುರುಗಳೇ,” ಎಂದ ಇಗ್ನೇಷಿಯಸ್.

ಅವರು ಅವನ ಮುಂದೆ ಕೈ ಚಾಚಿದರು. ಎರಡು ಬೆರಳು ಒಳಕ್ಕೆ ಮಡಚಿದ್ದವು.

ಪುಟ್ಟಾಚಾರ್ರು ಪಂಚೆಗೆ ಕೈ ಒರೆಸಿ, ಊಟದ ಮಣೆಯೊಂದನ್ನು ಮುಂದಕ್ಕೆಳೆದುಕೊಂಡು ನನ್ನನ್ನು ನೋಡಿದರು.

“ಜತಿ ಶುರುವಾಗೋ ಮುಂಚೆ ಮುಳ್ಳು ಎತ್ತು. ಮೊದಲಿನ ಎರಡು ನಾನು ನುಡಿಸ್ತೀನಿ. ತಲೆ ಆಡಿಸಿದ ತಕ್ಷಣ ಬಿಡು. ಮೂರನೇದು ಅದರಲ್ಲಿದೆ.”

ನಾನು ಪ್ಲೇಯರಿನ ಮುಳ್ಳು ಎತ್ತಿದೆ. ಅವರು ಮಣೆಯ ಮೇಲೆ ನುಡಿಸಿದರು. ಕೆಲವು ಪೆಟ್ಟು ಬಿದ್ದವು, ಕೆಲವು ಬರೀ ಸವರಿದವು. ಎರಡನೆಯದು ಮುಗಿಯುತ್ತಲೇ ತಲೆ ಆಡಿಸಿದರು. ಮುಳ್ಳು ಬಿಟ್ಟೆ.

“ತಡ,” ಎಂದರು. “ಮೊದಲಿಂದ.”

ಆ ಮಧ್ಯಾಹ್ನ ಎಷ್ಟು ಸಲ ಬಿಟ್ಟೆನೋ ನೆನಪಿಲ್ಲ. ಒಮ್ಮೆ ಮುಂಚೆ ಬೀಳುತ್ತಿತ್ತು, ಒಮ್ಮೆ ಅರ್ಧ ಏಟು ತಡ. ಇಗ್ನೇಷಿಯಸ್ ನಮ್ಮಿಬ್ಬರನ್ನೂ ನೋಡದೆ ತಾಳ ಹಾಕುತ್ತಾ ಕೂತಿದ್ದ. ಪ್ರತಿ ಸಲವೂ ಸಮಕ್ಕೆ ಸರಿಯಾಗಿ ಬೀಳುತ್ತಿದ್ದದ್ದು ತೊಡೆಯ ಮೇಲೆ ಅವನ ಅಂಗೈ, ಅದೊಂದೇ.