ಬ್ಯಾಂಡಿನ ಕಟ್ಟೆ

ಹೊನ್ನಯ್ಯನ ಕೆಳಸಾಲಿನ ಹಲ್ಲು ಮೂರು ಉದುರಿದ್ದವು. ಆದರೂ ಕ್ಲಾರಿನೆಟ್ ಬಿಟ್ಟಿರಲಿಲ್ಲ. ಒಸಡಿನ ಮೇಲೆ ಬಟ್ಟೆಚೂರು ಮಡಚಿಟ್ಟುಕೊಂಡು ಊದುತ್ತಿದ್ದ. ಮುಗಿಯುವ ಹೊತ್ತಿಗೆ ಬಟ್ಟೆ ಕೆಂಪಾಗಿರುತ್ತಿತ್ತು.

ತರೀಕೆರೆಯ ಪಾರ್ಕಿನ ನಡುವೆ ಎಂಟು ಕಂಬದ ದುಂಡನೆಯ ಮಂಟಪ. ಊರಿಗೆಲ್ಲ ಅದು ಬ್ಯಾಂಡಿನ ಕಟ್ಟೆ. ಭಾನುವಾರ ಸಂಜೆ ಹೊನ್ನಯ್ಯನ ಬ್ಯಾಂಡ್‌ಸೆಟ್ಟಿನ ಏಳು ಮಂದಿ ಅಲ್ಲಿ ಬಾರಿಸುತ್ತಿದ್ದರು. ದೊಡ್ಡ ಡ್ರಮ್ಮು ನಡುವೆ, ಉಳಿದವರು ಸುತ್ತ. ಕಡೂರು, ಅಜ್ಜಂಪುರದ ಕಡೆಯಿಂದ ಮದುವೆ ಇಟ್ಟುಕೊಂಡವರು ಬಂದು, ಪಾರ್ಕಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ತೀರ್ಥಮ್ಮನ ಹತ್ತಿರ ಕಡಲೆಕಾಯಿ ಕೊಂಡು ತಿನ್ನುತ್ತಾ ಕೇಳುತ್ತಿದ್ದರು. ಮನಸ್ಸಿಗೆ ಬಂದರೆ ಅಲ್ಲೇ ವೀಳ್ಯ ಕೊಟ್ಟು ದಿನ ಹೇಳಿ ಹೋಗುತ್ತಿದ್ದರು. ಬೇರೆ ಅಂಗಡಿಯಾಗಲಿ ಬೋರ್ಡಾಗಲಿ ಬ್ಯಾಂಡಿನವರಿಗೆ ಇರಲಿಲ್ಲ.

ಮದುವೆಮನೆಯಲ್ಲಿ ಅವರಿಗೆ ಎಲೆ ಹಾಕುತ್ತಿದ್ದುದು ಪಾತ್ರೆ ತೊಳೆಯುವ ಕಡೆ, ಎಲ್ಲರ ಊಟವಾದ ಮೇಲೆ. ಆ ಕಟ್ಟೆಯ ಮೇಲೆ ನಿಂತಾಗ ಮಾತ್ರ ಊರು ಅವರನ್ನು ತಲೆ ಎತ್ತಿ ನೋಡುತ್ತಿತ್ತು.

ಪಾರ್ಕಿನ ಟೆಂಡರು ಹಿಡಿದ ರುದ್ರಮೂರ್ತಿ ಒಂದು ದಿನ ನಗುನಗುತ್ತಾ ಬಂದ.

"ಹೊನ್ನಯ್ಯ, ನಿಮಗೆಲ್ಲ ಸನ್ಮಾನ ಮಾಡ್ಬೇಕು ಕಣಯ್ಯ."

ಡ್ರಮ್ಮಿನ ಸಣ್ಣಬೀರಪ್ಪನಿಗೆ ನಗು ತಡೆಯಲಿಲ್ಲ. "ಕಂಡೋರಿಗೆ ಶಾಲು ಹೊದಿಸುವಾಗೆಲ್ಲ ನಾವು ಬಾರ್ಸಿದ್ದೀವಿ ಸ್ವಾಮಿ. ನಮಗೆ ಹೊದಿಸುವಾಗ ಬಾರ್ಸೋರು ಯಾರು?"

"ನೀವೇ ಬಾರ್ಸ್ಕಳ್ರೋ!"

ಹಾಗೇ ಆಯಿತು. ಏಳು ಶಾಲು ಬಿದ್ದವು. ಆಮೇಲೆ ಒಂದು ಕಾಗದ ಬಂತು. ಶಾಲು ಮುಟ್ಟಿದ್ದಕ್ಕೆ ಸಹಿ ಎಂದ ರುದ್ರಮೂರ್ತಿ. ವೀಳ್ಯ ಹಿಡಿದರೆ ಮಾತು ಮುಗಿಯಿತು, ಅದರ ಮೇಲೆ ಅನುಮಾನಪಡುವುದು ಬ್ಯಾಂಡಿನವರ ಪದ್ಧತಿಯಲ್ಲ. ಶಾಲನ್ನೂ ವೀಳ್ಯದ ಹಾಗೇ ತಿಳಿದರು. ಹೊನ್ನಯ್ಯ ಅಕ್ಷರ ಕೂಡಿಸಿ ಹೆಸರು ಬರೆದ. ಉಳಿದವರು ಹೆಬ್ಬೆಟ್ಟು ಒತ್ತಿದರು.

ಅದಾದ ಮೂರನೇ ಭಾನುವಾರ ಏಳು ಮಂದಿಯೂ ಆ ಶಾಲು ಹೊದ್ದೇ ಬಂದಾಗ ಕಟ್ಟೆಗೆ ಗೇಟು, ಗೇಟಿಗೆ ಬೀಗ. ಕಂಬಗಳಿಗೆ ಪ್ಲಾಸ್ಟಿಕ್ ಹೂವು. ಇನ್ನು ಅದು ಮದುವೆ ಜೋಡಿಗಳು ಫೋಟೊ ತೆಗೆಸಿಕೊಳ್ಳುವ ಜಾಗವಂತೆ.

"ನೀವೇ ಬರ್ಕೊಟ್ಟಿದ್ದೀರಲ್ಲ," ಎಂದು ರುದ್ರಮೂರ್ತಿ ಕಾಗದ ಹಿಡಿದ.

ಏಳನೇ ಕ್ಲಾಸು ಓದಿದ್ದ ತೀರ್ಥಮ್ಮ ಬಗ್ಗಿ ಓದಿದಳು. "'ವಯಸ್ಸಾದ ಕಾರಣ ಬ್ಯಾಂಡು ನಿಲ್ಲಿಸಿದ್ದೇವೆ. ಕಟ್ಟೆ ನಮಗೆ ಬೇಕಾಗಿಲ್ಲ.' ಹಿಂಗೈತೆ ಕಣಣ್ಣ."

"ನಾನ್ಯಾವಾಗ ನಿಲ್ಸಿದ್ನವ್ವಾ?"

"ಶಾಲು ಹೊದ್ಕಂಡ್ಯಲ್ಲ, ಆಗ."

ಅಷ್ಟರಲ್ಲಿ ಅಜ್ಜಂಪುರದ ಕಡೆಯ ಯಜಮಾನರೊಬ್ಬರು ಎಲೆ ಅಡಿಕೆ ಹಿಡಿದು ಬಂದರು. "ಬ್ಯಾಂಡಿನೋರು ಎಲ್ಲಪ್ಪಾ?"

"ಬಿಟ್ಬಿಟ್ರು ಸ್ವಾಮಿ," ಎಂದ ರುದ್ರಮೂರ್ತಿ, ಹೊನ್ನಯ್ಯನ ಎದುರೇ. "ಡಿಜೆಯೋರ ನಂಬರ್ ಕೊಡ್ಲಾ?"

ಹೊನ್ನಯ್ಯ ಹೆಗಲ ಶಾಲು ತೆಗೆದು ಗೇಟಿಗೆ ಕಟ್ಟಿದ. ಒಬ್ಬೊಬ್ಬರಾಗಿ ಏಳೂ ಶಾಲು ಗೇಟು ಸೇರಿದವು. ಏಳು ಮಂದಿಯೂ ಕಟ್ಟೆಯ ಸುತ್ತ ಮಣ್ಣಿನಲ್ಲೇ ನಿಂತು ಬಾರಿಸತೊಡಗಿದರು. ನಡುವೆ ಡ್ರಮ್ಮಿನ ಜಾಗದಲ್ಲಿ ಈಗ ಬೀಗ ಹಾಕಿದ ಕಟ್ಟೆ.

"ಪೊಲೀಸ್ನೋರ್ನ ಕರೀತೀನಿ!"

"ಕರಿಯಪ್ಪ," ಎನ್ನುತ್ತಾ ತೀರ್ಥಮ್ಮ ಬುಟ್ಟಿ ತಂದು ಅವರ ಸಾಲಿನಲ್ಲಿಟ್ಟು ಕುಳಿತಳು. "ನನ್ನೆಸ್ರೂ ಬರ್ಸು. ಓದಿ ಸಹಿ ಹಾಕ್ತೀನಿ."

ಹೂ ಮಾರುವವರು ಬಂದು ಸಾಲು ಸೇರಿದರು. ಆಟೊದವರು ಬಂದರು. ಯಜಮಾನರು ಎಲೆ ಅಡಿಕೆ ಹಿಡಿದೇ ನಿಂತಿದ್ದರು, ಇತ್ತ ಬರಲೂ ಇಲ್ಲ, ಅತ್ತ ಹೋಗಲೂ ಇಲ್ಲ.

ಹೊನ್ನಯ್ಯನ ಬಾಯಿಯ ಬಟ್ಟೆ ಕೆಂಪಾಗಿ ರಕ್ತ ಗಡ್ಡಕ್ಕೆ ಇಳಿಯಿತು. ಅವನು ನಿಲ್ಲಿಸಲಿಲ್ಲ.