ಒಂಬತ್ತು ತಲೆಮಾರಿನ ಗಂಡಸರು

ನಮ್ಮಣ್ಣ ಜುಂಜಯ್ಯನಿಗೆ ನಮ್ಮ ವಂಶದ ಒಂಬತ್ತು ತಲೆಮಾರು ಬಾಯಿಪಾಠ. ಮುತ್ತಾತನ ಮುತ್ತಾತನ ಅಪ್ಪನಿಂದ ಹಿಡಿದು ತನ್ನ ಕೊನೆಯ ಮಗನವರೆಗೆ ತಡವರಿಸದೆ ಹೇಳಿಬಿಡುತ್ತಾನೆ. ಯಾರು ಎಲ್ಲಿ ಚಿರತೆ ಹೊಡೆದರು, ಯಾರು ಯಾವ ಬರದಲ್ಲಿ ಕುರಿಗಳನ್ನು ಹೊಳೆ ದಾಟಿಸಿದರು, ಯಾರ ಹೆಸರಿನ ಕಲ್ಲು ಎಲ್ಲಿ ನಿಂತಿದೆ, ಎಲ್ಲಾ ಬರುತ್ತದೆ. ಹಬ್ಬದ ದಿನ ಹಟ್ಟಿಯ ಹಿರಿಯರ ಮುಂದೆ ಅವನು ಕೈಕಟ್ಟಿ ನಿಂತು ಹೇಳುವುದನ್ನು ಕೇಳಿದರೆ ಮೈ ಜುಮ್ಮೆನ್ನಬೇಕು. ಚಿಕ್ಕವಳಿದ್ದಾಗ ನನಗೂ ಜುಮ್ಮೆನ್ನುತ್ತಿತ್ತು. ಆಮೇಲೆ ಒಂದು ದಿನ ಸರಿಯಾಗಿ ಕಿವಿಗೊಟ್ಟು ಕೇಳಿದೆ. ಒಂಬತ್ತು ತಲೆಮಾರಿನಲ್ಲಿ ಒಬ್ಬಳೇ ಒಬ್ಬ ಹೆಂಗಸಿಲ್ಲ. ಗಂಡಸರಿಗೆ ಗಂಡಸರೇ ಹುಟ್ಟಿಕೊಂಡು ಬಂದಿದ್ದಾರೆ. ಪಾಪ, ಬಾಣಂತನ ಯಾರು ಮಾಡಿದರೋ ಏನೋ.

ನಾನು ಹುಚ್ಚಕ್ಕ, ಅವನ ಒಡಹುಟ್ಟಿದ ತಂಗಿ. ಶ್ರೀರಾಂಪುರದ ಹತ್ತಿರದ ನಮ್ಮ ಹಟ್ಟಿಯಿಂದ ನನ್ನನ್ನು ತಾಳ್ಯದ ಕಡೆಗೆ ಕೊಟ್ಟರು. ಧಾರೆ ಎರೆದ ದಿನವೇ ನನ್ನ ಬೆಡಗು ಬದಲಾಯಿತು. ಅಂದರೆ ಅಪ್ಪನ ಕುಲದ ಗುಂಪು ಬಿಟ್ಟು ಗಂಡನ ಗುಂಪಿಗೆ ಸೇರಿದೆ. ಅಲ್ಲಿಂದಾಚೆಗೆ ಅಪ್ಪನ ಮನೆಯ ಲೆಕ್ಕದಲ್ಲಿ ನಾನಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಉಣ್ಣಲು ಇಕ್ಕುತ್ತಾರೆ, ಕುಪ್ಪಸದ ಬಟ್ಟೆ ಕೊಟ್ಟು ಕಳಿಸುತ್ತಾರೆ. ಬಂದ ನೆಂಟರಿಗೆಲ್ಲ ಹಾಗೆಯೇ ಮಾಡುತ್ತಾರೆ.

ಇನ್ನು ನನ್ನ ಮೈಯ ವಿಚಾರ. ಹುಟ್ಟಿದಾಗಿನಿಂದ ಅಲ್ಲಲ್ಲಿ ಚಹಾ ಚೆಲ್ಲಿದ ಬಣ್ಣದ ಮಚ್ಚೆಗಳು. ಮೈನೆರೆದ ಮೇಲೆ ತೋಳು, ಬೆನ್ನು ಎಲ್ಲಾ ಕಡೆ ಅವರೆಕಾಳಿನಷ್ಟು ದಪ್ಪದ ಮೆತ್ತನೆ ಗಂಟುಗಳು ಎದ್ದವು. ನಮ್ಮಪ್ಪ ಚಿತ್ತಯ್ಯನಿಗೂ ಕುತ್ತಿಗೆಯ ಸುತ್ತ ಇಂಥವೇ ಇದ್ದವು. ಅವನು ಹಟ್ಟಿಯ ಯಜಮಾನ; ಅದಕ್ಕೇ ಅವು ದೇವರು ಕೊಟ್ಟ ವರದ ಗಂಟುಗಳಾಗಿದ್ದವು. ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರೂ ಇದ್ದರು. ಅವೇ ಗಂಟು ನನಗೆ ಬಂದಾಗ ದೇವರಿಗೆ ಏನಾಯಿತೋ ಗೊತ್ತಿಲ್ಲ, ಅದು ದೊಡ್ಡರೋಗವಾಯಿತು. ಕುಷ್ಠ ಎನ್ನಲು ಬಾಯಿ ಬಾರದೆ ಜನ ಹಾಗೆನ್ನುತ್ತಾರೆ. ಅಂದಿನಿಂದ ಬೇಸಿಗೆಯಲ್ಲೂ ನಾನು ಮೈತುಂಬ ಸೆರಗು ಹೊದ್ದೇ ಓಡಾಡಿದವಳು.

ನನ್ನ ಹಿರಿಮಗ ಎತ್ತಪ್ಪ ಆರು ವರ್ಷದವನಾದಾಗ ಅವನ ಒಂದು ಕಣ್ಣು ಮುಂದಕ್ಕೆ ಉಬ್ಬಿತು. ನಡೆದರೆ ಕಂಬಕ್ಕೆ ಹಾಯುತ್ತಿದ್ದ. ಬೆಳಿಗ್ಗೆ ಎದ್ದರೆ ತಲೆ ಹಿಡಿದುಕೊಂಡು ವಾಂತಿ. ತವರು ಹಟ್ಟಿಯ ಪೂಜಾರಪ್ಪ ಕವಡೆ ಬಿಟ್ಟು ನೋಡಿ, ತಾಯಿ ಮೈಲಿಗೆಯಲ್ಲಿ ದೇವರ ಗುಡಿಸಲ ಮುಂದೆ ದಾಟಿದ್ದಾಳೆ, ಅದಕ್ಕೇ ಹೀಗೆ ಎಂದು ಹೇಳಿದ. ಮಗ ಎರಡೂ ಕಣ್ಣು ಕಳೆದುಕೊಂಡು, ನನ್ನ ಮುಖ ಕಾಣದೆ ಕೈಯಿಂದ ತಡವಿ ತಡವಿ ಸತ್ತ. ಆಮೇಲೆ ಎರಡೂ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ದೇವರ ಕೋಪಕ್ಕೆ ಹೋದ ಮಗುವಿನ ಹೆಸರು ಕರೆದರೆ ಕೋಪ ವಾಪಸು ಬರುತ್ತದಂತೆ. ಅವನ ಅಮ್ಮ ಹೊಟ್ಟೆ ಉರಿದುಕೊಂಡು ಬದುಕಿದರೆ ದೇವರಿಗೆ ಏನೂ ಅಡ್ಡಿಯಿರಲಿಲ್ಲ.

ಎಮರ್ಜೆನ್ಸಿ ಬಂದ ಮರುವರ್ಷ ಅಣ್ಣನ ಮಗಳು ಚಿತ್ತಮ್ಮನಿಗೆ ಅದೇ ಶುರುವಾಯಿತು. ಏಳು ವರ್ಷದ ಹುಡುಗಿ, ಕುರಿಮರಿಗಳ ಹಿಂದೆ ಹಾರಿಕೊಂಡು ಹೋಗುತ್ತಿದ್ದವಳು. ಎಡಗಣ್ಣು ಉಬ್ಬಿತು, ವಾಂತಿಯಾಯಿತು. ಪೂಜಾರಪ್ಪ ಈ ಸಲ ಇನ್ನೂ ಬುದ್ಧಿವಂತನಾಗಿದ್ದ. ಗಾಳಿ ಒಳಹೊಕ್ಕಿದ್ದು ಮೈಮೇಲಿನ ಮಚ್ಚೆಗಳಿಂದಲೇ ಎಂದು ಕಂಡುಹಿಡಿದ. ಕುಡುಗೋಲಿನ ತುದಿ ಕಾಯಿಸಿ, ಹುಡುಕಿ ಹುಡುಕಿ ಒಂದೊಂದು ಮಚ್ಚೆಯ ಮೇಲೂ ಬರೆ ಎಳೆದ. ಮಚ್ಚೆ ಹೋಗಿ ಸುಟ್ಟ ಕಲೆ ಉಳಿಯಿತು. ಗಾಳಿ ಮಾತ್ರ ಹೊರಗೆ ಬರಲಿಲ್ಲ. ಕೊನೆಗೆ ನಮ್ಮತ್ತಿಗೆ ದೊಡ್ಡಕ್ಕ ಅನ್ನನೀರು ಬಿಟ್ಟು ಕೂತ ಮೇಲೆ ಅಣ್ಣ ಮಗುವನ್ನು ದುರ್ಗಕ್ಕೆ ಕರೆದುಕೊಂಡು ಹೋದ.

ದುರ್ಗದಲ್ಲಿ ಆಗ ಯಾರೋ ಧರ್ಮಾತ್ಮರು ನಡೆಸುತ್ತಿದ್ದ ಆಸ್ಪತ್ರೆಯೊಂದಿತ್ತು. ತಿಂಗಳಿಗೊಮ್ಮೆ ಅಲ್ಲಿಗೆ ಬೆಂಗಳೂರಿನಿಂದ ದಪ್ಪ ಕನ್ನಡಕದ ಡಾಕ್ಟರೊಬ್ಬರು ಬರುತ್ತಿದ್ದರು. ಮಕ್ಕಳ ಮೆದುಳಿನಲ್ಲಿ ಬೆಳೆಯುವ ಗಂಟುಗಳ ಬಗ್ಗೆ ಅವರ ಸಂಶೋಧನೆ. ಯಾವ ಗಂಟು ತಾನಾಗಿ ಬರುತ್ತದೆ, ಯಾವುದು ವಂಶದಲ್ಲಿ ಹರಿದು ಬರುತ್ತದೆ ಎಂದು ಪತ್ತೆ ಮಾಡುತ್ತಿದ್ದರು. ಚಿತ್ತಮ್ಮನ ತಲೆಯ ಎಕ್ಸ್‌ರೇ ತೆಗೆಸಿ, ಅಣ್ಣನನ್ನು ಕೂರಿಸಿಕೊಂಡು ಕೇಳಿದರಂತೆ: ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಮೈಮೇಲೆ ಕಂದು ಮಚ್ಚೆ ಇದೆಯೇ, ಗಂಟುಗಳಿವೆಯೇ, ಕಣ್ಣು ಹೋಗಿ ಸತ್ತ ಮಕ್ಕಳಿದ್ದಾರೆಯೇ? ಯಾರಿಗೂ ಇಲ್ಲ, ಏನೂ ಇಲ್ಲ ಎಂದನಂತೆ ಅಣ್ಣ. ಆ ಕಾಲದಲ್ಲಿ ಮಕ್ಕಳೆಷ್ಟು ಎಂದು ಆಸ್ಪತ್ರೆಯವರು ಕೇಳಿದರೆ ಗಂಡಸರು ಎದ್ದು ಗುಡ್ಡ ಹತ್ತುತ್ತಿದ್ದರು. ಎಲ್ಲಿ ಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಡುತ್ತಾರೋ ಎಂಬ ಭಯ. ಆದರೆ ವಂಶ ಹೇಳಿ ಎಂದಾಗ ನಮ್ಮಣ್ಣ ಭಯವನ್ನೆಲ್ಲ ಮರೆತ. ಕೈಕಟ್ಟಿ ನಿಂತು ಒಂಬತ್ತು ತಲೆಮಾರೂ ಒಪ್ಪಿಸಿದ, ಚಿರತೆಯ ಸಮೇತ.

ಡಾಕ್ಟರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಬ್ಬೊಬ್ಬ ಗಂಡಸಿಗೂ ಒಂದೊಂದು ಚೌಕ ಬರೆದು ದೊಡ್ಡ ಹಾಳೆ ತುಂಬಿಸಿದರು. ರೋಗವಿದ್ದವರ ಚೌಕಕ್ಕೆ ಕಪ್ಪು ತುಂಬಬೇಕು. ನಮ್ಮ ವಂಶದಲ್ಲಿ ಎಲ್ಲವೂ ಬಿಳಿ. ಇಷ್ಟು ಚೊಕ್ಕಟವಾದ ವಂಶವನ್ನು ನಾನು ನೋಡಿಯೇ ಇಲ್ಲ ಎಂದರಂತೆ. ಹಾಗಾದರೆ ಇದು ವಂಶದ ಗಂಟಲ್ಲ, ಟಿ.ಬಿ.ಯ ಗಂಟು ಎಂದು ತೀರ್ಮಾನಿಸಿ ದಿನಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಅಣ್ಣ ಪರೀಕ್ಷೆ ಪಾಸಾದವನ ಹಾಗೆ ಎದೆಯುಬ್ಬಿಸಿಕೊಂಡು ಹಟ್ಟಿಗೆ ಬಂದ.

ಇದನ್ನೆಲ್ಲ ನನಗೆ ಹೇಳಿದವಳು ದೊಡ್ಡಕ್ಕ. ಕಂಬಳಿ ಮಾರುವ ನೆಪ ಹೇಳಿ ಹೊಳಲ್ಕೆರೆ ಸಂತೆಗೆ ಬಂದು, ನನ್ನನ್ನು ಮೂಲೆಗೆ ಎಳೆದುಕೊಂಡಳು.

"ಸೂಜಿ ಚುಚ್ಚಿಸಿ ಚುಚ್ಚಿಸಿ ಮಗೀನ ಕುಂಡಿ ಕಲ್ಲಾಗೈತೆ ಹುಚ್ಚಕ್ಕ. ಎಡಗಣ್ಣು ಪೂರ್ತಿ ಹೋಯ್ತು. ಬಲಗಣ್ಣಾಗೂ ಮಂಜು ಮಂಜು ಅಂತಾಳೆ. ಸೂಜಿ ಹಾಕ್ಸಿದ್ಮ್ಯಾಲೆ ಕಿವ್ಯಾಗೆ ಸಿಳ್ಳೆ ಹೊಡ್ದಂಗೆ ಆಗ್ತೈತಂತೆ, ಕರುದ್ರೆ ತಿರುಗಿ ನೋಡಂಗಿಲ್ಲ."

"ಡಾಕ್ಟ್ರು ಏನಂತಾರೆ?"

"ಸೂಜಿ ಬಿಡ್ಬ್ಯಾಡ್ರಿ ಅಂತಾರೆ." ಸುತ್ತ ನೋಡಿ ದನಿ ತಗ್ಗಿಸಿದಳು. "ನಿನ್ನ ಆ ಮಗಂಗೂ ಹಿಂಗೇ ಅಲ್ವೇನೆ ಆಗಿದ್ದು?"

ಕಣ್ಣಂತೂ ಹೋಗುತ್ತಿದೆ, ಕಿವಿಯನ್ನೂ ಜೊತೆಗೆ ಕಳಿಸಿಕೊಡುವ ಏರ್ಪಾಡು ನಡೆದಿದೆ. ಅದೂ ನಮ್ಮ ವಂಶ ಚೊಕ್ಕಟ ಎನ್ನುವ ಕಾರಣಕ್ಕೆ. ಇನ್ನೊಂದು ಮಗು ಅಮ್ಮನ ಮುಖ ತಡವುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಡಾಕ್ಟರು ಬರುವ ದಿನ ಯಾವುದೆಂದು ಕೇಳಿಕೊಂಡೆ.

ಆ ದಿನ ಆಸ್ಪತ್ರೆಯ ಜಗಲಿಯಲ್ಲಿ ಅಣ್ಣನೂ, ಮಗುವನ್ನು ಮಡಿಲಲ್ಲಿಟ್ಟುಕೊಂಡ ದೊಡ್ಡಕ್ಕನೂ ಕೂತಿದ್ದರು. ನನ್ನನ್ನು ನೋಡಿದ್ದೇ ಅಣ್ಣನ ಮುಖ ಗಂಟಾಯಿತು.

"ನೀನ್ಯಾಕೆ ಬಂದೆ ಲೇ?"

"ಮಗೀನ ನೋಡಾಕೆ ಬಂದೆ."

"ನೋಡ್ದೆಲ್ಲ, ಹೋಗು. ಡಾಕ್ಟ್ರ ಮುಂದೆ ಬಾಯಿ ಬಿಟ್ಟೀಯ, ಜ್ವಾಕೆ. ದೊಡ್ಡ ಮಗಂಗೆ ಹೆಣ್ಣು ನೋಡೀವಿ. ದೊಡ್ಡರೋಗದ ಮನೆ ಅಂತ ಸುದ್ದಿ ಎದ್ರೆ ಹಟ್ಟಿಯಿಂದ ಹೊರಗಾಕ್ತಾರೆ ನಮ್ಮುನ್ನ."

"ಅಣ್ಣನ ಮದ್ವೆ ನೋಡಾಕೆ ಚಿತ್ತಮ್ಮಂಗೆ ಕಣ್ಣು ಬ್ಯಾಡವೇನೋ ಅಣ್ಣಯ್ಯ?"

ಚಿತ್ತಮ್ಮ ಕುತ್ತಿಗೆ ಓರೆ ಮಾಡಿ, ಉಳಿದ ಕಣ್ಣಿನಿಂದ ನನ್ನನ್ನು ಹುಡುಕಿ, "ಅತ್ತೆ ಬಂತು" ಎಂದು ನಕ್ಕಳು. ಆ ನಗು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಅವರನ್ನು ಒಳಗೆ ಕರೆದಾಗ ನಾನೂ ನುಗ್ಗಿದೆ.

ಡಾಕ್ಟರು ಟಾರ್ಚು ಬಿಟ್ಟು ಮಗುವಿನ ಕಣ್ಣು ನೋಡಿದರು. ಗುಣ ಕಾಣುತ್ತಿಲ್ಲವಲ್ಲ ಎಂದು ಗೊಣಗಿ, ಇಂಜೆಕ್ಷನ್ ಇನ್ನೊಂದಿಷ್ಟು ದಿನ ಮುಂದುವರಿಸೋಣ ಎಂದು ಪೆನ್ನು ತೆಗೆದರು. ನಾನು ಸೆರಗು ಕಿತ್ತು ಸೊಂಟಕ್ಕೆ ಸಿಕ್ಕಿಸಿ ಎರಡೂ ತೋಳು ಅವರ ಮೇಜಿನ ಮೇಲಿಟ್ಟೆ.

"ಸ್ವಾಮಿ, ಬರೆಯಾ ಮುಂಚೆ ಇದೊಂದು ನೋಡ್ರಿ."

ಅವರು ಬೆಚ್ಚಿದರು. "ನೀವು ಯಾರಮ್ಮ?"

"ಯಾರೂ ಅಲ್ಲ ಸ್ವಾಮಿ. ನಿಮ್ಮ ಹಾಳ್ಯಾಗೆ ನಾನಿಲ್ಲ. ಇವ್ನ ಬೆನ್ನಿಗೆ ಬಿದ್ದೋಳು, ಅಷ್ಟೇ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಒಂದು ಗಂಟನ್ನು ಮೆಲ್ಲಗೆ ಒತ್ತಿದರು. ಅವರ ಮುಖ ಅರಳಿತು ನೋಡಿ! ಪಕ್ಕದ ಕೋಣೆಯ ಡಾಕ್ಟರನ್ನೂ ನರ್ಸನ್ನೂ ಕೂಗಿ ಕರೆದರು. "ಬನ್ನಿ, ಬೇಗ ಬನ್ನಿ, ಎಷ್ಟು ಚೆನ್ನಾಗಿವೆ ನೋಡಿ!" ಎಂದರು. ನನ್ನ ಮೈ ನೋಡಿ ಚೆನ್ನಾಗಿದೆ ಎಂದ ಮೊದಲ ಗಂಡಸು ಆತನೇ. ಕಟ್ಟಿಕೊಂಡವನು ಸಾಯುವವರೆಗೆ ಹಾಗೆ ಅಂದಿರಲಿಲ್ಲ.

ನಾನು ಅಣ್ಣನ ಕಡೆ ತಿರುಗಿದೆ. "ಪಂಚೆ ಎತ್ತು."

"ಲೇ ಹುಚ್ಚಿ, ಮಾನ ಕಳೀಬ್ಯಾಡ ಕಣೇ."

"ಒಂದೇ ಹಂಡೇವು ನೀರು ಹುಯ್ಕಂಡು ಬೆಳ್ದೋರು ನಾವು. ತೊಡೆ ಮ್ಯಾಲೆ ಏನೈತೆ ಅಂತ ನಂಗೊತ್ತಿಲ್ವಾ? ನೀನು ಎತ್ತೀಯಾ, ನಾನೇ ಎತ್ಲಾ?"

ಅಣ್ಣ ಎತ್ತಿದ. ಮಚ್ಚೆಗಳೂ ಇದ್ದವು, ಮೂರು ನಾಲ್ಕು ಗಂಟುಗಳೂ ಇದ್ದವು. ಹಟ್ಟಿಯ ಯಜಮಾನನ ಮಗ ತೊಡೆ ತೋರಿಸಿಕೊಂಡು ಗೋಡೆ ನೋಡುತ್ತಾ ನಿಂತ.

"ನಾನು ಕೇಳಿದಾಗ ಯಾರಿಗೂ ಇಲ್ಲ ಎಂದಿರಲ್ಲ?" ಡಾಕ್ಟರ ದನಿ ಏರಿತು.

"ನಂದು ಮುಚ್ಚಿಟ್ಟಿದ್ದು ತಪ್ಪಾತು ಸ್ವಾಮಿ. ಆದ್ರೆ ನಿಮ್ಮ ಮನ್ಯಾಗೆ ಯಾರ್ಗೈತೆ ಅಂತ ಕೇಳಿದ್ರಿ. ಇವ್ಳು ನಮ್ಮನೆಯೋಳಲ್ಲ, ಕೊಟ್ಟಾಗೈತೆ. ಇವ್ಳ ಸತ್ತ ಮಗ ಅವರ ಬೆಡಗಿನೋನು. ಅವರುನ್ನ ನಮ್ಮ ವಂಶದಾಗೆ ಹೆಂಗೆ ಹೇಳ್ಲಿ?"

ಆ ಮಾತನ್ನು ಅವನು ಪೂರಾ ಪ್ರಾಮಾಣಿಕವಾಗಿ ಹೇಳಿದ. ಅದೇ ನನಗೆ ಇನ್ನೂ ಉರಿಯುವುದು. ಸುಳ್ಳನಾದರೆ ಬೈಯಬಹುದಿತ್ತು.

ಡಾಕ್ಟರು ಹಳೆಯ ಎಕ್ಸ್‌ರೇ ತರಿಸಿ ಕಿಟಕಿಗೆ ಹಿಡಿದರು. ಕಣ್ಣಿನ ನರ ಹಾದುಹೋಗುವ ತೂತು ಒಂದು ಕಡೆ ಅಗಲವಾಗಿದೆ ಎಂದರು. ಮೊದಲ ದಿನದಿಂದಲೂ ಅದು ಅಗಲವಾಗಿಯೇ ಇತ್ತು. ಬಿಳಿ ಚೌಕಗಳ ಸೊಬಗಿನಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಕಿವಿಯ ಸಿಳ್ಳೆ ಈ ಇಂಜೆಕ್ಷನ್ನಿನದೇ ಎಂದು ಚೀಟಿ ಹರಿದುಹಾಕಿ ನಮಗೆ ತಿಳಿಯುವಂತೆ ಹೇಳಿದರು: ಇದು ಟಿ.ಬಿ. ಅಲ್ಲ, ಕುಷ್ಠ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ತಂದೆತಾಯಿಯಿಂದ ಮಕ್ಕಳಿಗೆ ಹರಿದು ಬರುತ್ತದೆ. ಬಹಳ ಜನಕ್ಕೆ ಮೈಮೇಲಿನ ಗಂಟುಗಳಿಗೇ ನಿಲ್ಲುತ್ತದೆ. ಕೆಲವು ಮಕ್ಕಳಿಗೆ ಮಾತ್ರ ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಗಂಟು ಬೆಳೆಯುತ್ತದೆ. ತಕ್ಷಣ ಬೆಂಗಳೂರಿಗೆ ಕರೆದೊಯ್ದು ಕರೆಂಟು, ಅಂದರೆ ಗಂಟು ಸುಡುವ ಕಿರಣ, ಕೊಡಿಸಿದರೆ ಬಲಗಣ್ಣು ಉಳಿಯಬಹುದು ಎಂದರು. ದೊಡ್ಡಕ್ಕ ಮಗುವನ್ನು ಅವಚಿಕೊಂಡು ಜೋರಾಗಿ ಅತ್ತುಬಿಟ್ಟಳು.

ಆಮೇಲೆ ಅದೇ ಹಾಳೆ ಹೊರಬಂತು. ಡಾಕ್ಟರು ಅಣ್ಣನ ಚೌಕಕ್ಕೆ ಕಪ್ಪು ತುಂಬಿ, ಅದರ ಪಕ್ಕದಲ್ಲಿ ಒಂದು ದುಂಡು ಬರೆದು ಅದಕ್ಕೂ ಕಪ್ಪು ತುಂಬಿದರು. ಹೆಂಗಸರಿಗೆ ದುಂಡಂತೆ. ಹುಟ್ಟಿ ಇಷ್ಟು ವರ್ಷಕ್ಕೆ ನಾನು ಅಪ್ಪನ ವಂಶ ಸೇರಿದೆ. ನನ್ನ ಕೆಳಗೆ ಒಂದು ಚೌಕ ಬರೆದು, ಕಪ್ಪು ತುಂಬಿ, ಸತ್ತವನೆಂದು ಅದರ ಮೇಲೊಂದು ಓರೆ ಗೆರೆ ಎಳೆದರು.

"ಹುಡುಗನ ಹೆಸರೇನಮ್ಮ?"

"ಎತ್ತಪ್ಪ" ಎಂದೆ. ಬಾಯಿಬಿಟ್ಟು ಆ ಹೆಸರು ಹೇಳಿ ಎಷ್ಟೋ ಕಾಲವಾಗಿತ್ತು. "ನಾನು ಮೈಲಿಗ್ಯಾಗೆ ಗುಡಿ ಮುಂದೆ ದಾಟಿದ್ದಕ್ಕೆ ಹಂಗಾತು ಅಂದಿದ್ರು ಸ್ವಾಮಿ."

"ಛೆ, ಅದೆಲ್ಲ ಸುಳ್ಳು. ನಿಮ್ಮ ತಪ್ಪು ಏನೂ ಇಲ್ಲ" ಎಂದರು. ನಾನು ಉಸಿರು ಬಿಡುವುದರೊಳಗೆ, "ಅದು ಅವನಿಗೆ ನಿಮ್ಮಿಂದಲೇ ಬಂದಿದ್ದು" ಎಂದು ಸೇರಿಸಿದರು. ದೇವರು ಇಳಿಸಿದ ಹೊರೆಯನ್ನು ವಿಜ್ಞಾನ ನೆಲಕ್ಕೆ ಬೀಳಲು ಬಿಡಲಿಲ್ಲ. ಅಷ್ಟರ ಮಟ್ಟಿಗೆ ಇಬ್ಬರಲ್ಲೂ ಒಳ್ಳೆಯ ಹೊಂದಾಣಿಕೆ.

"ನಂಗೆಲ್ಲಿಂದ ಬಂತು?" ಎಂದು ಕೇಳಿದೆ.

"ತಂದೆಗೋ ತಾಯಿಗೋ ಇದ್ದಿರಬೇಕು."

"ಹಂಗಾದ್ರೆ ನಮ್ಮಪ್ಪ ಚಿತ್ತಯ್ಯಂದು ಕಪ್ಪು ಮಾಡ್ರಿ. ಕುತ್ತಿಗೆ ತುಂಬ ಇದ್ವು."

"ಅಪ್ಪನ್ನ ಬ್ಯಾಡ ಸ್ವಾಮಿ" ಎಂದು ಅಣ್ಣ ಕೈಮುಗಿದ. ಹೆಣ್ಣುಮಗಳ ಕಣ್ಣು ಹೋದಾಗ ಮುಗಿಯದ ಕೈ ಅದು. ಡಾಕ್ಟರು ಅವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಪೆನ್ನಿನಿಂದ ವರದ ಗಂಟಿನ ಯಜಮಾನನನ್ನು ಕಪ್ಪು ಮಾಡಿದರು.

ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕರೆಂಟು ಕೊಟ್ಟರು. ಚಿತ್ತಮ್ಮನ ತಲೆಗೂದಲು ಒಂದು ಪಕ್ಕ ಉದುರಿತು. ಎಡಗಣ್ಣು ಬರಲಿಲ್ಲ. ಬಲಗಣ್ಣಿನ ಮಂಜು ಅಲ್ಲಿಗೇ ನಿಂತಿತು, ಕಿವಿಯೂ ಉಳಿಯಿತು. ಅಣ್ಣನ ಮಗನಿಗೆ ನೋಡಿದ್ದ ಹೆಣ್ಣಿನವರು ಸುದ್ದಿ ಕೇಳಿ ಹಿಂದೆ ಸರಿದರು. ಅದಕ್ಕೆ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಆದರೂ ಮಗುವಿನ ಜೊತೆ ಇರಲು ನಾನೇ ಬೇಕಾಗಿತ್ತು. ಚಿತ್ತಮ್ಮ ಅತ್ತೆ ಇಲ್ಲದೆ ಆ ಮಿಷನ್ನಿನ ಕೆಳಗೆ ಮಲಗುತ್ತಿರಲಿಲ್ಲ.

ಅಲ್ಲಿ ಒಂದು ದಿನ ಬೇರೆ ದೊಡ್ಡ ಡಾಕ್ಟರು ವಿದ್ಯಾರ್ಥಿಗಳ ಹಿಂಡು ಕಟ್ಟಿಕೊಂಡು ಬಂದು, ನಿಮ್ಮ ಮನೆತನದ ವಿವರ ಹೇಳಿ ಎಂದರು. ಅಣ್ಣ ಎದ್ದು ನಿಂತು ಕೈ ಕಟ್ಟಿದ. ಮುತ್ತಾತನ ಮುತ್ತಾತನ ಅಪ್ಪನಿಂದ ಶುರುಮಾಡಿದ. ಚಿರತೆ ಬಂತು, ಹೊಳೆ ಬಂತು, ನಮ್ಮಪ್ಪ ಬಂದ, ಕೊನೆಗೆ ಅಣ್ಣ ತಾನೂ ಬಂದ. ಅಲ್ಲಿಗೆ ಬಂದು ನಿಲ್ಲಿಸಿದ. ಮಂಚದ ಮೇಲಿದ್ದ ಮಗುವನ್ನು ನೋಡಿದ. ನನ್ನ ಕಡೆ ನೋಡದೆ, ಗಂಟಲು ಸರಿಮಾಡಿಕೊಂಡು, "ನನ್ನ ತಂಗಿ ಹುಚ್ಚಕ್ಕ, ಅವಳ ಮಗ ಎತ್ತಪ್ಪ, ನನ್ನ ಮಗಳು ಚಿತ್ತಮ್ಮ" ಎಂದು ಹೇಳಿ ಮುಗಿಸಿದ.

ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಒಂಬತ್ತು ತಲೆಮಾರಿನ ಗಂಡಸರ ಬಾಯಲ್ಲಿ ನಮ್ಮ ಹೆಸರು ಬರಲು ಆ ಮಗುವಿನ ಒಂದು ಕಣ್ಣು ಹೋಗಬೇಕಾಯಿತು.